ಇನ್‌ಬಾಕ್ಸ್‌ನಲ್ಲಿ ಮನುಷ್ಯರ ಮೇಲ್ ಮಾತ್ರ: ಫಿಲ್ಟರ್ ಹಾಕಿಕೊಂಡ ನನ್ನ ಅನುಭವ

ಫಿಲ್ಟರ್ ಅಂದರೆ ಬರುವ ಮೇಲ್‌ಗಳನ್ನು ನಾವು ಹೇಳಿದ ಗುರುತು ನೋಡಿ ತಾನಾಗಿ ವಿಂಗಡಿಸುವ ಏರ್ಪಾಡು. ಅದನ್ನು ಹಾಕುವ ಮೊದಲು ಒಂದು ವಾರ ಸುಮ್ನೆ ಎಣಿಸಿದೆ. ಬಂದ ಪ್ರತಿ ಮೇಲ್‌ಗೂ ನೋಟ್‌ಬುಕ್‌ನಲ್ಲಿ ಒಂದು ಗೀಟು. ಎಡಗಡೆ, ಯಾರಾದರೂ ಕೂತು ನನಗೆಂದೇ ಬರೆದದ್ದು. ಬಲಗಡೆ, ಯಂತ್ರ ತಾನಾಗಿ ಕಳಿಸಿದ್ದು. ಏಳನೇ ದಿನ ನೋಡಿದರೆ ಎಡಗಡೆ 31 ಗೀಟು. ಬಲಗಡೆಯದು ಪುಟ ತುಂಬಿ ಹಿಂಬದಿಗೂ ಹೋಗಿತ್ತು. ರಸೀದಿ, ಆಫರ್, ನ್ಯೂಸ್‌ಲೆಟರ್, ಯಾರೋ ಯಾವುದಕ್ಕೋ ಲೈಕ್ ಒತ್ತಿದ ಸುದ್ದಿ, ಆಫೀಸಿನ ಸಾಫ್ಟ್‌ವೇರ್ ಗಂಟೆಗೊಮ್ಮೆ ಕಳಿಸುವ ವರದಿ. ಉತ್ತರ ಕೊಡಬೇಕಾದ ಆ 31 ಮೇಲ್‌ಗಳು ಈ ರಾಶಿಯ ಅಡಿಯಲ್ಲಿ ಬಿದ್ದಿದ್ದವು.

ಅವತ್ತೇ ಒಂದು ನಿಯಮ ಮಾಡಿಕೊಂಡೆ. ಫೋಲ್ಡರಿಗೆ ಹೋಗುವುದು ಯಂತ್ರದ ಮೇಲ್ ಮತ್ತು ಇಡೀ ಗುಂಪಿಗೆ ಬರೆದ ಮೇಲ್ ಮಾತ್ರ. ಮನುಷ್ಯರು ನನಗೆಂದೇ ಬರೆದದ್ದು ಇನ್‌ಬಾಕ್ಸ್ ಬಿಟ್ಟು ಎಲ್ಲೂ ಹೋಗಬಾರದು.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಅದಕ್ಕೂ ಮುಂಚೆ ಒಮ್ಮೆ ಫಿಲ್ಟರ್ ಹಾಕಿ ಪೆಟ್ಟು ತಿಂದಿದ್ದೆ. ಆಗ ಮೇಲ್‌ನ ವಿಷಯದ ಸಾಲಿನಲ್ಲಿ 'ಬಿಲ್' ಅಂತ ಇದ್ದರೆ ಸಾಕು, ಅದು ನೇರ ಬಿಲ್ ಫೋಲ್ಡರಿಗೆ ಹೋಗುವ ಹಾಗೆ ಮಾಡಿದ್ದೆ. ಜೊತೆಗೆ 'ಓದಿದ್ದು ಎಂದು ಗುರುತಿಸು' ಅನ್ನುವುದಕ್ಕೂ ಟಿಕ್ ಹಾಕಿದ್ದೆ. ಒಂದು ದಿನ ಸಹೋದ್ಯೋಗಿಯೊಬ್ಬರು 'ಬಿಲ್ ಬಗ್ಗೆ ಒಂದು ಮಾತು' ಅಂತ ಬರೆದರು. ನಮಗೆ ಕೆಲಸ ಮಾಡಿಕೊಟ್ಟವರಿಗೆ ಹಣ ಕೊಡಬೇಕಿತ್ತು, ನಾನು ಹೂಂ ಅನ್ನಬೇಕಿತ್ತು, ಅಷ್ಟೇ. ಆ ಮೇಲ್ ಒಂಬತ್ತು ದಿನ ಫೋಲ್ಡರಿನಲ್ಲಿ ಕೂತಿತ್ತು, ಅದೂ ಓದಿದ ಗುರುತಿನ ಜೊತೆ. ನನ್ನ ಒಂದು ಟಿಕ್‌ನಿಂದ ಇನ್ನೊಬ್ಬರು ದುಡಿದ ಹಣಕ್ಕೆ ಒಂಬತ್ತು ದಿನ ಕಾಯಬೇಕಾಯಿತು. ಇವತ್ತಿಗೂ ಅದು ನನಗೆ ಕಸಿವಿಸಿ.

ತಪ್ಪು ಎಲ್ಲಿತ್ತು ಅಂದರೆ, ನಾನು ಪದ ನೋಡಿ ಹಿಡಿದಿದ್ದೆ. ಬಿಲ್ ಅನ್ನುವ ಪದವನ್ನು ಯಾರು ಬೇಕಾದರೂ ಬರೆಯುತ್ತಾರೆ. ಕಳಿಸಿದ ವಿಳಾಸ ನೋಡಿ ಹಿಡಿದಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಈಗ ಜಿಮೇಲ್‌ನಲ್ಲಿ ನಾನು ಮಾಡುವ ಕ್ರಮ ಹೇಳುತ್ತೇನೆ. ಫೋನಿನ ಆ್ಯಪ್‌ನಲ್ಲಿ ಫಿಲ್ಟರ್ ಮಾಡಲು ಬರುವುದಿಲ್ಲ, ಕಂಪ್ಯೂಟರಿನ ಬ್ರೌಸರ್‌ನಲ್ಲೇ ಮಾಡಬೇಕು. ಹುಡುಕುವ ಪಟ್ಟಿಯ ಬಲತುದಿಯಲ್ಲಿ ಒಂದು ಚಿಕ್ಕ ಗುರುತಿದೆ. ಒತ್ತಿದರೆ ಫಾರ್ಮ್ ತೆರೆಯುತ್ತದೆ. 'ಫ್ರಮ್' ಜಾಗದಲ್ಲಿ ಕಳಿಸುವವರ ವಿಳಾಸ ಹಾಕುತ್ತೇನೆ. ತಕ್ಷಣ 'ಕ್ರಿಯೇಟ್ ಫಿಲ್ಟರ್' ಒತ್ತುವುದಿಲ್ಲ. ಮೊದಲು 'ಸರ್ಚ್' ಒತ್ತಿ, ಹಳೆಯ ಮೇಲ್‌ಗಳಲ್ಲಿ ಯಾವುದೆಲ್ಲ ಸಿಗುತ್ತದೆ ನೋಡುತ್ತೇನೆ. ಫಿಲ್ಟರ್ ಮುಂದೆ ಏನು ಹಿಡಿಯುತ್ತದೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಎರಡು ಮೂರು ಪುಟ ಹಿಂದಕ್ಕೆ ಹೋಗಿ ನೋಡಿ. ಬೇಡದ್ದೊಂದು ಸಿಕ್ಕಿಬಿದ್ದಿದ್ದರೆ ಅಲ್ಲೇ ಕಾಣುತ್ತದೆ.

ಜಾಸ್ತಿ ತಲೆಕೆಡಿಸಿದ್ದು ಒಂದೇ ವಿಳಾಸದಿಂದ ಎರಡು ಥರದ ಮೇಲ್ ಕಳಿಸುವ ಸೇವೆಗಳು. ಬೆಳಿಗ್ಗೆ ಆಫರ್, ಮಧ್ಯಾಹ್ನ ಪಾಸ್‌ವರ್ಡ್ ಬದಲಿಸುವ ಲಿಂಕ್, ಎರಡೂ ಅದೇ ವಿಳಾಸದಿಂದ! ಆಫರ್ ಕಾಟ ತಪ್ಪಿಸಲು ವಿಳಾಸಕ್ಕೇ ಫಿಲ್ಟರ್ ಹಾಕಿದರೆ ಓಟಿಪಿ ಕೂಡ ಫೋಲ್ಡರಿಗೆ ಹೋಗಿ ಅವಿತುಕೊಳ್ಳುತ್ತದೆ. ಇಂಥ ಕಡೆ 'ಡಸಂಟ್ ಹ್ಯಾವ್' ಎಂಬ ಜಾಗ ಕೈಹಿಡಿಯಿತು. ಅಲ್ಲಿ ಓಟಿಪಿ, ಪಾಸ್‌ವರ್ಡ್, ವೆರಿಫಿಕೇಶನ್ ಎಂಬ ಪದಗಳನ್ನು, ನಡುವೆ ಇಂಗ್ಲಿಷಿನ 'ಆರ್' ದೊಡ್ಡ ಅಕ್ಷರದಲ್ಲಿ ಇಟ್ಟು, ಬರೆಯುತ್ತೇನೆ. ಆ ಪದ ಇರುವ ಮೇಲ್ ಇನ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ಪದಗಳು ಮೇಲ್‌ನಲ್ಲಿ ಇರುವ ಭಾಷೆಯಲ್ಲೇ ಇರಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ.

ಗುಂಪಿನ ಮೇಲ್‌ಗಳದು ಬೇರೆಯೇ ಕಥೆ. ಒಂದೇ ಗುಂಪು, ಆದರೆ ಪ್ರತಿ ಸಲ ಬರೆಯುವವರು ಬೇರೆ. ಕಳಿಸಿದವರ ವಿಳಾಸ ಹಿಡಿದರೆ ದಿನಾ ಒಂದು ಹೊಸ ಫಿಲ್ಟರ್ ಬೇಕಾಗುತ್ತದೆ. ಒಂದು ಸಂಜೆ ಅಂಥ ಮೇಲ್ ಒಂದನ್ನು ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್'ಗೆ ಹೋದೆ. ನಮಗೆ ಕಾಣುವ ನಾಲ್ಕು ಸಾಲಿನ ಹಿಂದೆ ಉದ್ದನೆಯ ಅಕ್ಷರದ ಸಾಲುಗಳಿದ್ದವು. ಒಂದೊಂದೇ ಓದುತ್ತಾ ಇಳಿದರೆ ನಡುವೆ 'ಲಿಸ್ಟ್-ಐಡಿ' ಅಂತ ಒಂದು ಸಾಲು. ಗುಂಪಿಗೆ ಒಂದು ಕಾಯಂ ಗುರುತು ಇರಲಿ ಅಂತಲೇ 2001ರಲ್ಲಿ ಬಂದ ಆರ್‌ಎಫ್‌ಸಿ 2919 ಎಂಬ ಮಾನದಂಡದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಯಾರೇ ಬರೆಯಲಿ, ಈ ಸಾಲು ಬದಲಾಗುವುದಿಲ್ಲ. ಜಿಮೇಲ್‌ನಲ್ಲಿ 'ಲಿಸ್ಟ್' ಅಂತ ಬರೆದು, ಎರಡು ಚುಕ್ಕಿ (:) ಹಾಕಿ, ಆ ಗುರುತು ಕೊಟ್ಟರೆ ಇಡೀ ಗುಂಪು ಒಂದೇ ಏಟಿಗೆ ಸಿಗುತ್ತದೆ. ಎಷ್ಟು ಖುಷಿಯಾಯಿತು ಅಂದರೆ, ಅವತ್ತೇ ಎಂಟು ಹಳೆಯ ಫಿಲ್ಟರ್ ಅಳಿಸಿ ಮೂರು ಹೊಸದು ಬರೆದೆ.

ಫೋಲ್ಡರ್ ಎಷ್ಟು ಬೇಕು? ಶುರುವಿನಲ್ಲಿ ವಿಷಯಕ್ಕೊಂದರಂತೆ ಹದಿನಾಲ್ಕು ಮಾಡಿದ್ದೆ. ಅರ್ಧದಷ್ಟನ್ನು ತೆರೆದು ನೋಡಲೇ ಇಲ್ಲ. ಈಗ ಇರುವುದು ನಾಲ್ಕು: ಲೆಕ್ಕ, ಓದಲು, ಗುಂಪು, ವರದಿ. ಲೆಕ್ಕದ್ದನ್ನು ತಿಂಗಳಿಗೊಮ್ಮೆ ನೋಡುತ್ತೇನೆ, ಓದಲು ಎಂಬುದನ್ನು ಬಿಡುವಾದಾಗ. ಯಾವಾಗ ತೆರೆಯುತ್ತೇನೆ ಅಂತ ಹೇಳಲಾಗದ ಫೋಲ್ಡರ್ ನನಗೆ ಬೇಡ. ಅಂಥದ್ದಕ್ಕೆ ಹೋಗುವ ಮೇಲ್ ಅನ್‌ಸಬ್‌ಸ್ಕ್ರೈಬ್ ಮಾಡುವುದೇ ಸರಿ.

ಜಿಮೇಲ್‌ನಲ್ಲಿರುವುದು ನಿಜಕ್ಕೂ ಫೋಲ್ಡರ್ ಅಲ್ಲ, ಲೇಬಲ್. ಒಂದೇ ಮೇಲ್‌ಗೆ ಎರಡು ಲೇಬಲ್ ಅಂಟಿಸಬಹುದು. ಲೇಬಲ್ ಅಳಿಸಿದರೂ ಮೇಲ್ ಉಳಿಯುತ್ತದೆ. ಮೈಕ್ರೋಸಾಫ್ಟ್‌ನ ಮೇಲ್ ಆದ ಔಟ್‌ಲುಕ್‌ನಲ್ಲಿ ಹಾಗಲ್ಲ, ಫೋಲ್ಡರ್ ಅಳಿಸಿದರೆ ಒಳಗಿದ್ದದ್ದೂ ಅದರ ಜೊತೆ ಹೋಗುತ್ತದೆ. ಒಂದರ ಅಭ್ಯಾಸದಲ್ಲಿ ಇನ್ನೊಂದಕ್ಕೆ ಕೈ ಹಾಕುವಾಗ ಇದು ನೆನಪಿರಲಿ.

ಆಫೀಸಿನಲ್ಲಿ ಔಟ್‌ಲುಕ್. ಅಲ್ಲಿ ಫಿಲ್ಟರಿಗೆ 'ರೂಲ್ಸ್' ಅನ್ನುತ್ತಾರೆ, ಅವು ಮೇಲಿನಿಂದ ಕೆಳಗೆ ಒಂದಾದ ಮೇಲೊಂದು ಓಡುತ್ತವೆ. ಆದ್ದರಿಂದ ನನ್ನ ತಂಡದವರ ವಿಳಾಸಗಳ ರೂಲ್ ಎಲ್ಲಕ್ಕಿಂತ ಮೇಲಿದೆ, ಅದರಲ್ಲಿ 'ಸ್ಟಾಪ್ ಪ್ರೊಸೆಸಿಂಗ್ ಮೋರ್ ರೂಲ್ಸ್'ಗೆ ಟಿಕ್ ಇದೆ. ಅವರ ಮೇಲ್ ಬಂದರೆ ಕೆಳಗಿನ ಯಾವ ರೂಲೂ ಅದನ್ನು ಮುಟ್ಟುವುದಿಲ್ಲ. ಒಂಬತ್ತು ದಿನದ ಆ ಘಟನೆ ಮತ್ತೆ ಆಗದ ಹಾಗೆ ಹಾಕಿಕೊಂಡ ಬೇಲಿ ಇದು.

ಸ್ವಲ್ಪ ದಿನ ಥಂಡರ್‌ಬರ್ಡ್ ಎಂಬ, ಕಂಪ್ಯೂಟರಿನಲ್ಲಿ ಮೇಲ್ ಓದುವ ಸಾಫ್ಟ್‌ವೇರ್ ಕೂಡ ಬಳಸಿದೆ. ಅದರ ಫಿಲ್ಟರ್ ಓಡುವುದು ನಮ್ಮ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ಆಫ್ ಆಗಿದ್ದರೆ ಫೋನಿನಲ್ಲಿ ಮತ್ತೆ ಅದೇ ರಾಶಿ. ಫಿಲ್ಟರ್ ಸರ್ವರ್‌ನಲ್ಲೇ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಲ್ಲೇ, ಇದ್ದರೆ ಮಾತ್ರ ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಜಿಮೇಲ್‌ನದು ಸರ್ವರ್‌ನಲ್ಲೇ ಇರುತ್ತದೆ. ಹಾಗಾಗಿ ಥಂಡರ್‌ಬರ್ಡ್‌ನ ಫಿಲ್ಟರ್‌ಗಳನ್ನೆಲ್ಲ ಜಿಮೇಲ್‌ಗೆ ಎತ್ತಿಕೊಂಡು ಬಂದೆ.

ತಾನಾಗಿ ಅಳಿಸುವ ಫಿಲ್ಟರ್ ಮಾತ್ರ ಒಂದೂ ಇಟ್ಟುಕೊಂಡಿಲ್ಲ. ಜಿಮೇಲ್‌ನ ಟ್ರ್ಯಾಶ್‌ಗೆ ಹೋದದ್ದು 30 ದಿನ ಇರುತ್ತದೆ, ಆಮೇಲೆ ಸಿಗುವುದಿಲ್ಲ. ತಪ್ಪು ಗೊತ್ತಾಗಲು ಅದಕ್ಕಿಂತ ಜಾಸ್ತಿ ದಿನ ಹಿಡಿಯಬಹುದು. ಫಿಲ್ಟರ್‌ಗಳಿಗೆ ಇನ್ನೊಂದು ಪ್ರತಿಯೂ ಇದೆ. ಸೆಟ್ಟಿಂಗ್ಸ್‌ನ ಫಿಲ್ಟರ್ ಪುಟದಲ್ಲಿ ಟಿಕ್ ಹಾಕಿ 'ಎಕ್ಸ್‌ಪೋರ್ಟ್' ಒತ್ತಿದರೆ ಒಂದು ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಬೇರೆ ಜಿಮೇಲ್ ಖಾತೆಗೂ ಅದನ್ನೇ ತುಂಬಿಸಬಹುದು.

ಹೊಸ ಫಿಲ್ಟರ್ ಹಾಕಿದಾಗ ಮೊದಲ ಹತ್ತು ದಿನ 'ಸ್ಕಿಪ್ ದ ಇನ್‌ಬಾಕ್ಸ್'ಗೆ, ಅಂದರೆ ಇನ್‌ಬಾಕ್ಸ್‌ಗೆ ಬಾರದೆ ನೇರ ಲೇಬಲ್‌ಗೆ ಹೋಗಲಿ ಅನ್ನುವುದಕ್ಕೆ, ಟಿಕ್ ಹಾಕುವುದಿಲ್ಲ. ಬರೀ ಲೇಬಲ್ ಅಂಟಿಸಲು ಬಿಡುತ್ತೇನೆ. ಮೇಲ್ ಇನ್‌ಬಾಕ್ಸ್‌ನಲ್ಲೇ ಇರುತ್ತದೆ, ಪಕ್ಕದಲ್ಲಿ ಬಣ್ಣದ ಲೇಬಲ್ ಕಾಣುತ್ತದೆ. ಬೇಡದ ಮೇಲ್‌ಗೆ ಅಂಟಿಕೊಂಡರೆ ಕಣ್ಣಿಗೆ ಬಿದ್ದೇ ಬೀಳುತ್ತದೆ, ಆಗ ಫಿಲ್ಟರ್ ತಿದ್ದುತ್ತೇನೆ. ಹತ್ತು ದಿನ ಸರಿಯಾಗಿ ನಡೆದರೆ ಆ ಟಿಕ್ ಹಾಕುತ್ತೇನೆ. ಈಗಲೂ ಒಂದು ನ್ಯೂಸ್‌ಲೆಟರ್‌ನ ಫಿಲ್ಟರ್ ಹೀಗೆ ಪರೀಕ್ಷೆಯಲ್ಲಿದೆ. ಎಂಟನೇ ದಿನ ನಡೀತಾ ಇದೆ, ಇಲ್ಲಿವರೆಗೆ ಒಂದೂ ತಪ್ಪಿಲ್ಲ.