ಕಾಮಗಾರಿ ಸ್ಥಳದ ದೂಳು: ಅಳೆಯುವುದು ಹೇಗೆ?

ಕಟ್ಟಡ ಏಳುತ್ತಿರುವ ಜಾಗದಲ್ಲಿ ಒಂದು ದೂಳುಮಾಪಕ ನೇತುಹಾಕಿದರೆ ಏನೋ ಒಂದು ಅಂಕಿ ಬಂದೇ ಬರುತ್ತದೆ. ಆ ದೂಳು ಕಾಮಗಾರಿಯದೋ ಪಕ್ಕದ ರಸ್ತೆಯದೋ ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಯಾರಿಗಾಗಿ ಅಳೆಯುತ್ತಿದ್ದೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಅಕ್ಕಪಕ್ಕದ ಮನೆಯವರಿಗಾಗಿಯಾದರೆ ಆವರಣದ ಅಂಚಿನಲ್ಲಿ ಅಳೆಯಬೇಕು. ಕಾಂಕ್ರೀಟ್ ಕೊರೆಯುವವರಿಗಾಗಿಯಾದರೆ ಅವರ ಮೈಮೇಲೆಯೇ. ಒಂದರ ಅಂಕಿ ಇನ್ನೊಂದಕ್ಕೆ ಒದಗದು.

ಅಂಚಿನಲ್ಲಿ ಎರಡು ಮಾಪಕ

ಗಾಳಿ ಒಳಬರುವ ಕಡೆ ಒಂದು, ಹೊರಹೋಗುವ ಕಡೆ ಇನ್ನೊಂದು ಮಾಪಕ ಇಡಿ. ಬರುವ ಕಡೆ ಪಿಎಂ 10 (ಮಿಲಿಮೀಟರಿನ ನೂರನೇ ಒಂದು ಭಾಗ ಅಥವಾ ಅದಕ್ಕೂ ಸಣ್ಣ ಕಣಗಳು) ಪ್ರಮಾಣ ಘನ ಮೀಟರಿಗೆ 60 ಮೈಕ್ರೊಗ್ರಾಂ, ಹೋಗುವ ಕಡೆ 210 ಇದ್ದರೆ ನಿಮ್ಮ ಕಾಮಗಾರಿಯ ಪಾಲು ಸುಮಾರು 150. ಗಾಳಿ ಮಧ್ಯಾಹ್ನ ದಿಕ್ಕು ಬದಲಿಸಿದರೆ ಎರಡೂ ಮಾಪಕಗಳ ಪಾತ್ರ ಅದಲುಬದಲಾಗುತ್ತದೆ. ಅದಕ್ಕೇ ಗಾಳಿಯ ದಿಕ್ಕು, ವೇಗ ದಾಖಲಿಸುವ ಸಾಧನ ಜೊತೆಗಿರಲೇಬೇಕು.

ಬೇರೆ ಬೇರೆ ಕಡೆ ಇಡುವ ಮೊದಲು ಎರಡನ್ನೂ ಒಂದು ದಿನ ಅಕ್ಕಪಕ್ಕದಲ್ಲಿ ಓಡಿಸಿ ನೋಡಿ. ಒಂದೇ ಗಾಳಿಗೆ ಒಂದು ಸದಾ ಹೆಚ್ಚು ತೋರಿಸುತ್ತಿದ್ದರೆ ಆ ವ್ಯತ್ಯಾಸವನ್ನು ಬರೆದಿಟ್ಟು ಮುಂದೆ ಕಳೆಯಿರಿ. ಎತ್ತರ ಒಂದೂವರೆಯಿಂದ ಎರಡು ಮೀಟರ್ ಸಾಕು. ತಗಡಿನ ಬೇಲಿಗೆ ಒತ್ತಿ ಕಟ್ಟಬೇಡಿ, ಅದರ ಹಿಂದೆ ಗಾಳಿ ಸುಳಿಯಾಗುತ್ತದೆ. ಜನರೇಟರ್ ಹೊಗೆ, ನೀರು ಸಿಂಪಡಿಸುವ ಪೈಪು ಹತ್ತಿರ ಇರಕೂಡದು.

ಬೆಳಗಿನ ಮಂಜಿನ ಮೋಸ

ಸಾಮಾನ್ಯ ಮಾಪಕ ದೂಳನ್ನು ತೂಗುವುದಿಲ್ಲ. ಕಣಗಳ ಮೇಲೆ ಬೆಳಕು ಬಿಟ್ಟು, ಚದುರಿದ ಬೆಳಕಿನಿಂದ ತೂಕವನ್ನು ಅಂದಾಜಿಸುತ್ತದೆ. ತೇವಾಂಶ ಶೇ 80 ದಾಟಿದಾಗ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಮಂಜಿನ ಹನಿಯೂ ದೂಳಿನ ಲೆಕ್ಕಕ್ಕೆ ಸೇರುತ್ತದೆ. ಕೆಲಸವೇ ಶುರುವಾಗದ ನಸುಕಿನಲ್ಲಿ ಅಂಕಿ ಏರಿದರೆ ಮೊದಲ ಅನುಮಾನ ಇದರ ಮೇಲಿರಲಿ. ಒಳಬರುವ ಗಾಳಿಯನ್ನು ಬಿಸಿ ಮಾಡುವ ನಳಿಕೆಯಿರುವ ಮಾಪಕ ಇದ್ದರೆ ಒಳ್ಳೆಯದು.

ಅಗ್ಗದ ಸೆನ್ಸರ್‌ಗಳದು ತದ್ವಿರುದ್ಧ ತೊಂದರೆ. ಕಾಮಗಾರಿಯ ದೂಳಿನಲ್ಲಿ ದಪ್ಪ ಕಣಗಳೇ ಹೆಚ್ಚು. ಸೆನ್ಸರಿನ ಪುಟ್ಟ ಫ್ಯಾನ್ ಅವನ್ನು ಸರಿಯಾಗಿ ಒಳಗೆಳೆಯದು. ಕಣ್ಣಿಗೆ ದೂಳು ಕಾಣುತ್ತಿದ್ದರೂ ಅಂಕಿ ತಣ್ಣಗಿರುತ್ತದೆ. ಪಿಎಂ 10 ಅಳೆಯಲು ಇವನ್ನು ನಂಬಬೇಡಿ.

ಬೆಳಕಿನಿಂದ ಅಂದಾಜಿಸುವ ಸಾಮಾನ್ಯ ಮಾಪಕಕ್ಕೆ ಪರಿಹಾರ, ಪಕ್ಕದಲ್ಲೇ ಪಂಪ್ ಮತ್ತು ಫಿಲ್ಟರ್ ಇಟ್ಟು, ಫಿಲ್ಟರಿನಲ್ಲಿ ಕೂತ ದೂಳನ್ನು ತೂಗಿ ಹೋಲಿಸುವುದು. ಅದೇ ಅವಧಿಯಲ್ಲಿ ಮಾಪಕದ ಸರಾಸರಿ 80, ಫಿಲ್ಟರಿನದು 120 ಬಂದರೆ ಮಾಪಕದ ಅಂಕಿಯನ್ನು 1.5ರಿಂದ ಗುಣಿಸಿ. ಮಣ್ಣು ಅಗೆಯುವಾಗ ಸಿಕ್ಕ ಗುಣಕ ಡೀಸೆಲ್ ಮಸಿಗೆ ಹೊಂದದು, ಕೆಲಸದ ಹಂತ ಬದಲಾದಾಗ ಮತ್ತೆ ತೂಗಿ.

ಕಾರ್ಮಿಕರ ಉಸಿರಿನ ಬಳಿ

ಸೊಂಟಕ್ಕೆ ಪಂಪ್, ಕಾಲರ್ ಬಳಿ, ಮೂಗಿನಿಂದ 30 ಸೆಂ.ಮೀ. ಒಳಗೆ, ಫಿಲ್ಟರ್ ಹೊತ್ತ ಸೈಕ್ಲೋನ್ ಎಂಬ ಪುಟ್ಟ ಸಾಧನ. ಇದು ದಪ್ಪ ಕಣಗಳನ್ನು ಸುಳಿಯಲ್ಲಿ ತಿರುಗಿಸಿ ಕೆಳಗಿನ ಡಬ್ಬಿಗೆ ಬೀಳಿಸುತ್ತದೆ, ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣವನ್ನು ಮಾತ್ರ ಫಿಲ್ಟರಿಗೆ ಬಿಡುತ್ತದೆ. ಪಂಪ್ ಎಳೆಯುವ ಗಾಳಿಯ ನಿಗದಿತ ಹರಿವಿನಲ್ಲಷ್ಟೇ ಈ ವಿಂಗಡಣೆ ಸರಿಯಾಗಿ ನಡೆಯುತ್ತದೆ. ಕೆಲವಕ್ಕೆ ಅದು ನಿಮಿಷಕ್ಕೆ 2.2 ಲೀಟರ್, ಕೆಲವಕ್ಕೆ 1.7, ನಿಮ್ಮದರ ಕೈಪಿಡಿ ನೋಡಿ.

2.2 ಲೀಟರಿನಂತೆ 8 ಗಂಟೆಗೆ 1,056 ಲೀಟರ್, ಅಂದರೆ 1.056 ಘನ ಮೀಟರ್ ಗಾಳಿ. ಫಿಲ್ಟರಿನ ತೂಕ 0.5 ಮಿ.ಗ್ರಾಂ. ಏರಿದ್ದರೆ ಘನ ಮೀಟರಿಗೆ 0.47 ಮಿ.ಗ್ರಾಂ. ದೂಳು. ಅದರಲ್ಲಿ ಸಿಲಿಕಾ (ಕಲ್ಲು, ಕಾಂಕ್ರೀಟಿನಲ್ಲಿದ್ದು ಶ್ವಾಸಕೋಶಕ್ಕೆ ಹಾನಿ ಮಾಡುವ ಖನಿಜ) ಎಷ್ಟೆಂದು ತೂಕ ಹೇಳದು, ಪ್ರಯೋಗಾಲಯದ ಎಕ್ಸ್-ರೇ ಅಥವಾ ಇನ್‌ಫ್ರಾರೆಡ್ ಪರೀಕ್ಷೆಯೇ ಹೇಳಬೇಕು.

ಹರಿವನ್ನು ಮೊದಲೂ ಕೊನೆಗೂ ಅಳೆಯಿರಿ. ವ್ಯತ್ಯಾಸ ಶೇ 5 ಮೀರಿದರೆ ಆ ದೂಳಿನ ಮಾದರಿ (ಸ್ಯಾಂಪಲ್) ಕೈಬಿಡಿ. ಸಂಜೆ ಬಿಚ್ಚುವಾಗ ಸೈಕ್ಲೋನನ್ನು ತಲೆಕೆಳಗು ಮಾಡಿದರೆ ಡಬ್ಬಿಯ ದಪ್ಪ ದೂಳೆಲ್ಲ ಫಿಲ್ಟರಿಗೆ ಸುರಿದು ಇಡೀ ದಿನದ ಶ್ರಮ ಹಾಳು. ಆ ಕೊನೆಯ ಐದು ನಿಮಿಷದಲ್ಲೂ ಮಾದರಿ ಕೆಡಬಹುದು!

ಒಳಾಂಗಣದಲ್ಲಿ ಬಣ್ಣ ಬಳಿಯುವಾಗ ದೂಳುಮಾಪಕ ‘ಎಲ್ಲ ಸ್ವಚ್ಛ’ ಎನ್ನಬಹುದು. ಬಣ್ಣದಲ್ಲಿನ ದ್ರಾವಕದ ಆವಿ ಅದಕ್ಕೆ ಕಾಣದು, ಆವಿ ಅಳೆಯಲು ಬೇರೆಯೇ ಸೆನ್ಸರ್ ಬೇಕು.

ಕೊನೆಗೆ, ಒಂದು ನೋಟ್‌ಬುಕ್. ಎಷ್ಟು ಹೊತ್ತಿಗೆ ಜಲ್ಲಿ ಇಳಿಸಿದರು, ಟೈಲ್ಸ್ ಕತ್ತರಿಸಿದರು, ನೀರು ಹೊಡೆದರು ಎಂದು ಗಡಿಯಾರ ನೋಡಿ ಬರೆಯಿರಿ. ಮಾಪಕದ ಗಡಿಯಾರವೂ ಅದೇ ಸಮಯ ತೋರಿಸುತ್ತಿದೆಯೇ ಎಂದು ದಿನಾ ಬೆಳಿಗ್ಗೆ ನೋಡಿಕೊಳ್ಳಿ.