ಹಲಸು, ಉಪ್ಪಾಗೆ, ಚಕ್ರಮುನಿ: ಆಹಾರದ ಸುದ್ದಿ ಅಡುಗೆಮನೆಗೆ ಬಂದಾಗ

ಹಲಸು ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಮೊಬೈಲಿನಲ್ಲಿ ಓದಿ, ಶುಗರ್ ಇರುವವರೂ ಬಕ್ಕೆ ಹಣ್ಣಿನ ಸೊಳೆಯನ್ನು ಧೈರ್ಯವಾಗಿ ತಿನ್ನುವುದುಂಟು. ಸುದ್ದಿ ಸುಳ್ಳಲ್ಲ, ಆದರೆ ಅದು ಹಣ್ಣಿಗೆ ಸಂಬಂಧಪಟ್ಟದ್ದೇ ಅಲ್ಲ. ಆಂಧ್ರದ ಶ್ರೀಕಾಕುಳಂನಲ್ಲಿ ನಡೆದು 2021ರಲ್ಲಿ ಪ್ರಕಟವಾದ, ಈ ಸುದ್ದಿಗೆ ಮೂಲವಾದ ಅಧ್ಯಯನದಲ್ಲಿ ಇದ್ದವರು 40 ಜನ ಮಧುಮೇಹಿಗಳು. ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ಹಲಸಿನಕಾಯಿ ಹಿಟ್ಟು ಕೊಟ್ಟರು, ಅದೂ ಅಷ್ಟೇ ಅಕ್ಕಿ ಅಥವಾ ಗೋಧಿ ಹಿಟ್ಟು ತೆಗೆದು ಅದರ ಜಾಗದಲ್ಲಿ. 12 ವಾರದ ನಂತರ ಅವರ ಸಕ್ಕರೆ ಇನ್ನೊಂದು ಗುಂಪಿನವರಿಗಿಂತ ಇಳಿದಿತ್ತು. ಹಾಗಾಗಿ ಇಂಥ ಸುದ್ದಿ ಕಂಡಾಗ ನಾಲ್ಕು ವಿಷಯ ಹುಡುಕಿ: ಪದಾರ್ಥ ಯಾವ ರೂಪದಲ್ಲಿತ್ತು, ಎಷ್ಟು ತಿಂದರು, ಏನನ್ನು ಬಿಟ್ಟು ಅದನ್ನು ತಿಂದರು, ಎಷ್ಟು ಜನ ಎಷ್ಟು ದಿನ ತಿಂದರು. 40 ಜನರ ಫಲಿತಾಂಶ ಆಸೆ ಹುಟ್ಟಿಸುವಂಥದ್ದು ಹೌದು, ಆದರೆ ಅದನ್ನು ನಂಬಿ ಮಾತ್ರೆ ನಿಲ್ಲಿಸುವಷ್ಟು ದೊಡ್ಡದಲ್ಲ.

ಹಿಟ್ಟು ಮನೆಯಲ್ಲೇ ಆಗುತ್ತದೆ. ಬಲಿತ, ಆದರೆ ಇನ್ನೂ ಸಿಹಿ ಬಾರದ ಕಾಯಿ ಬೇಕು. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಬೀಜ ತೆಗೆದು, ತೆಳ್ಳಗೆ ಹೆಚ್ಚಿ. ಕುದಿಯುವ ನೀರಿಗೆ ಹಾಕಿ ಎರಡು ನಿಮಿಷಕ್ಕೆ ಬಸಿದು, ಏಪ್ರಿಲ್ ಬಿಸಿಲಿನಲ್ಲಿ ಬಟ್ಟೆಯ ಮೇಲೆ ಹರಡಿ. ಮುರಿದರೆ ಲಟ್ ಅನ್ನಬೇಕು. ಬಾಗಿದರೆ ಇನ್ನೂ ಪಸೆಯಿದೆ ಅಂತ ಅರ್ಥ. ಹಾಗೇ ಬೀಸಿಟ್ಟರೆ ಆಷಾಢದ ಮಳೆಗೆ ಡಬ್ಬಿಯೊಳಗೇ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದ ಹಿಟ್ಟನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ. ಅಕ್ಕಿ ರೊಟ್ಟಿಗಾದರೆ ಮೂರು ಪಾಲು ಅಕ್ಕಿ ಹಿಟ್ಟಿಗೆ ಒಂದು ಪಾಲು ಇದನ್ನು ಸೇರಿಸಿ ಬಿಸಿನೀರಿನಲ್ಲಿ ಕಲಸಿ. ಅದಕ್ಕಿಂತ ಹೆಚ್ಚಾದರೆ ತಟ್ಟುವಾಗ ಅಂಚು ಒಡೆಯುತ್ತದೆ. ರೊಟ್ಟಿಯ ಸಂಖ್ಯೆ ಮೊದಲಿನಷ್ಟೇ ಇರಲಿ. ಹಲಸಿನ ಹಿಟ್ಟು ಹಾಕಿದ್ದೇವೆ ಅಂತ ಎರಡು ರೊಟ್ಟಿ ಹೆಚ್ಚಿಗೆ ತಿಂದರೆ ಲೆಕ್ಕವೆಲ್ಲ ಹೋಯಿತು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸಿಯೇ ಶುರು ಮಾಡಿ, ಸಕ್ಕರೆ ತೀರಾ ಇಳಿದರೂ ಅಪಾಯವೇ. ಹಲಸಿನ ಹಪ್ಪಳಕ್ಕೆ ಈ ಸುದ್ದಿ ಅನ್ವಯಿಸುವುದಿಲ್ಲ. ಅದಕ್ಕೆ ಉಪ್ಪೂ ಬಿದ್ದಿದೆ, ಕರಿದ ಎಣ್ಣೆಯೂ ಸೇರಿದೆ.

ನಮ್ಮ ಕಾಡಿನ ಹುಳಿಹಣ್ಣು ಉಪ್ಪಾಗೆಗೂ ಇಂಥದ್ದೇ ಗತಿ ಬಂತು. ಒಣಸಿಪ್ಪೆಯನ್ನು ಸಾರಿಗೆ ಹುಳಿಯಾಗಿ ಹಾಕುತ್ತಿದ್ದೆವು, ಬೀಜದಿಂದ ತುಪ್ಪ ತೆಗೆಯುತ್ತಿದ್ದೆವು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಅಂತ ಹೊರದೇಶದಲ್ಲಿ ಗಾರ್ಸೀನಿಯಾ ಕಂಬೋಜಿಯಾ ಹೆಸರಿನ ಮಾತ್ರೆ ಮಾಡಿ ಮಾರಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದಾಗ, ಹೋಲಿಕೆಗೆಂದು ಕೊಟ್ಟ ಔಷಧವಿಲ್ಲದ ಸುಳ್ಳು ಮಾತ್ರೆ ನುಂಗಿದವರಿಗಿಂತ ಹೆಚ್ಚಿನ ತೂಕವೇನೂ ಇಳಿಯಲಿಲ್ಲ. ಆಮೇಲೆ ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ವರದಿಗಳೂ ಬಂದವು. ಸಾರಿಗೆ ಒಂದು ಚೂರು ಸಿಪ್ಪೆ ಹಾಕುವುದಕ್ಕೆ ಹೆದರಬೇಕಿಲ್ಲ. ಡಬ್ಬಿಯ ಮಾತ್ರೆಗೆ ದುಡ್ಡು ಸುರಿಯಬೇಡಿ.

ಎಲ್ಲಕ್ಕಿಂತ ಗಮನವಿಟ್ಟು ಓದಬೇಕಾದದ್ದು ಚಕ್ರಮುನಿಯ ವಿಷಯ. ವಿಟಮಿನ್ ಸೊಪ್ಪು ಅಂತ ಬೇಲಿಗುಂಟ ನೆಟ್ಟುಕೊಂಡಿದ್ದೇವಲ್ಲ, ಅದೇ. ಹೆಸರೇ ವಿಟಮಿನ್ ಅಂದಮೇಲೆ ಹಸಿಯಾಗಿ ರುಬ್ಬಿ ದಿನಾ ಒಂದು ಲೋಟ ಕುಡಿದರೆ ಇನ್ನೂ ಒಳ್ಳೆಯದಲ್ಲವೇ ಅನ್ನಿಸುತ್ತದೆ. ತೈವಾನಿನಲ್ಲಿ 1994–95ರ ಹೊತ್ತಿಗೆ ತೂಕ ಇಳಿಸಲು ಜನ ಮಾಡಿದ್ದು ಅದನ್ನೇ. ವಾರಗಟ್ಟಲೆ ಹಸಿ ರಸ ಕುಡಿದ ಹಲವರಿಗೆ ಶ್ವಾಸಕೋಶದ ಸಣ್ಣ ಕೊಳವೆಗಳು ಗಾಯವಾಗಿ ಮುಚ್ಚಿಹೋದವು. ಆ ತೊಂದರೆ ವಾಸಿಯಾಗುವಂಥದ್ದಲ್ಲ. ಕೆಲವರಿಗೆ ಶ್ವಾಸಕೋಶ ಕಸಿ ಮಾಡಬೇಕಾಯಿತು, ಜೀವ ಹೋದವರೂ ಇದ್ದಾರೆ. ಮಲೇಷ್ಯಾದಲ್ಲಿ ಇದೇ ಸೊಪ್ಪನ್ನು ಬೇಯಿಸಿ ಪಲ್ಯದಂತೆ ಉಣ್ಣುವುದು ರೂಢಿ. ನಾವೂ ತಂಬುಳಿಗೆ ಬಾಡಿಸಿಯೇ ಬಳಸುತ್ತೇವೆ. ನಾಲ್ಕು ಜನಕ್ಕೆ ಒಂದು ಹಿಡಿ ಸೊಪ್ಪು ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಸೊಪ್ಪು ಹಾಕಿ ಬಣ್ಣ ಗಾಢವಾಗಿ ಪೂರ್ತಿ ಮೆತ್ತಗಾಗುವವರೆಗೆ ಬಾಡಿಸಿ. ಆರಿದ ಮೇಲೆ ಒಂದು ಹಿಡಿ ಕಾಯಿತುರಿ ಜತೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಸೇರಿಸಿ. ಬಿಸಿ ಇರುವಾಗಲೇ ಮಜ್ಜಿಗೆಗೆ ಸುರಿದರೆ ಒಡೆಯುತ್ತದೆ. ವಾರಕ್ಕೆ ಒಂದೆರಡು ಸಲ ಮಾಡಿ, ಉಳಿದ ದಿನ ಒಂದೆಲಗ, ದೊಡ್ಡಪತ್ರೆ, ಬಸಳೆ, ಹರಿವೆ ಅಂತ ಬದಲಾಯಿಸುತ್ತಿರಿ. ಒಂದೇ ಸೊಪ್ಪಿನ ಮೇಲೆ ಬೀಳುವುದು ಯಾವ ಕಾಲಕ್ಕೂ ಸರಿಯಲ್ಲ.

ಕ್ಯಾನ್ಸರ್ ಪಟ್ಟಿಯ ಸುದ್ದಿಗಳನ್ನೂ ಓದುವ ಕ್ರಮವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾಡುವ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಅಂತ ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. 2023ರಲ್ಲಿ ಕೃತಕ ಸಿಹಿ ಆಸ್ಪರ್ಟೇಮ್ 2ಬಿ ಗುಂಪಿಗೆ ಸೇರಿತು, ಅಂದರೆ ಕ್ಯಾನ್ಸರ್ ತರಬಹುದು, ಆದರೆ ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತ. ನಮ್ಮ ಅಡಿಕೆ 2004ರಿಂದಲೇ ಇರುವುದು ಒಂದನೇ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಜತೆ. ತಂಬಾಕು ಇಲ್ಲದ ಎಲೆಯಡಿಕೆಯ ಕವಳದಿಂದಲೂ ಬಾಯಿಯ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ. ಅಡಿಕೆ ತೋಟ ನಮಗೆ ಅನ್ನ ಕೊಡುತ್ತದೆ ನಿಜ, ಆದರೂ ಊಟವಾದ ಮೇಲಿನ ಕವಳವನ್ನು ಬಿಡಿ, ಮಕ್ಕಳಿಗಂತೂ ಚೂರೂ ಕೊಡಬೇಡಿ.

ಇನ್ನು ಎಣ್ಣೆ, ಉಪ್ಪು. ಇಲ್ಲಿ ಸುದ್ದಿಗಿಂತ ಪ್ಯಾಕೆಟ್ಟು ಹೆಚ್ಚು ನಿಜ ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ 2000 ಕ್ಯಾಲರಿಯ ತಟ್ಟೆಯಲ್ಲಿ ಎಣ್ಣೆ, ತುಪ್ಪ ಸೇರಿ ಒಬ್ಬರಿಗೆ ದಿನಕ್ಕೆ 27 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಆಯಿತು. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾದರೆ ಅದೇ ಮನೆಗೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನ ಪೆನ್ನಿನಲ್ಲಿ ತಾರೀಖು ಬರೆದಿಡಿ. 25 ದಿನಕ್ಕೇ ಮುಗಿದರೆ ಎರಡರಷ್ಟು ತಿನ್ನುತ್ತಿದ್ದೀರಿ. ಅಂಗಡಿಯ ಬಿಸ್ಕತ್ತು, ಚಿಪ್ಸಿನ ಉಪ್ಪು ಇದಕ್ಕೆ ಸೇರಿಲ್ಲ.

ಸೋಡಿಯಂ ಕಡಿಮೆಯಿರುವ ಉಪ್ಪು ಬಳಸಬಹುದು ಅಂತ 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು ಈ ಸಲಹೆಗೆ ಸೇರಿಲ್ಲ. ಬಿಪಿ ಮಾತ್ರೆಗಳಲ್ಲೂ ಕೆಲವು ಪೊಟ್ಯಾಸಿಯಂ ಏರಿಸುತ್ತವೆ, ಕೇಳದೆ ತರಬೇಡಿ.

ಅಪ್ಪೆಮಿಡಿ ಉಪ್ಪಿನಕಾಯಿಗೆ ಮಾತ್ರ ಉಪ್ಪು ತಗ್ಗಿಸುವ ಸಾಹಸ ಬೇಡ. ಉಪ್ಪು ಸಾಲದೆ ಹೋದರೆ ಮಿಡಿ ಸರಿಯಾಗಿ ಚಿರುಟುವುದಿಲ್ಲ, ಮೆತ್ತಗಾಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಜಾಡಿಯಲ್ಲಿ ಉಪ್ಪು ಇರಬೇಕಾದಷ್ಟು ಇರಲಿ. ಬಡಿಸುವಾಗ ಮಿಡಿಯನ್ನು ನಾಲ್ಕು ಸೀಳಿ, ರಸ ಜಾಡಿಗೇ ಬಸಿದು, ಒಬ್ಬರಿಗೆ ಒಂದು ಹೋಳು ಹಾಕಿ.