ಬೊಲೆರೊ ನಾಲ್ಕು ಫೂಟು ಸರಿಯಿತು

ಯುಗಾದಿಯಿಂದ ಈಚೆಗೆ ನನ್ನ ಕಾರು ಮುಂಜಾನೆ ಒಂದೇ ತಿರುವಿಗೆ ಗೇಟಿನಿಂದ ಹೊರಗೆ ಬರುತ್ತಿದೆ. ಎದುರು ಮನೆ ಕಾಕಾರ ಬೊಲೆರೊ ಈಗಲೂ ಅವರ ಮನೆ ಮುಂದೆಯೇ ನಿಲ್ಲುತ್ತದೆ. ಅದರಿಂದ ನನ್ನ ಕಾರು ತೆಗೆಯಲು ಆಗುವುದಿಲ್ಲ ಅಂತಲೇ ನಮ್ಮ ಜಗಳ ಇದ್ದದ್ದು. "ಇದು ಕೋರ್ಟಿಗೇ ಹೋಗೂದು, ಬರದಿಟ್ಕೋ" ಅಂದಿದ್ದ ನನ್ನ ಭಾವ ಮೊನ್ನೆ ಬಂದವನು ಅರ್ಧ ತಾಸು ಓಣಿಯಲ್ಲಿ ನಿಂತು ನೋಡಿಕೊಂಡು ಹೋದ. ಇಂಥದೇ ಜಗಳದಲ್ಲಿ ಸಿಕ್ಕಿಕೊಂಡವರು ಇನ್ನೂ ಬಹಳ ಮಂದಿ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಧಾರವಾಡದ ಮಾಳಮಡ್ಡಿಯ ಹಳೆಯ ಓಣಿ ನಮ್ಮದು. ಗಟಾರದಿಂದ ಗಟಾರಕ್ಕೆ ಹೆಚ್ಚುಕಡಿಮೆ 18 ಫೂಟು. ಎರಡೂ ಬದಿಯ ಕನ್ನಡಿ ಸೇರಿಸಿದರೆ ಬೊಲೆರೊ ಆರೂವರೆ ಫೂಟು ತಿನ್ನುತ್ತದೆ. ಉಳಿದದ್ದು ಹನ್ನೊಂದೂವರೆ. ನನ್ನ ಸ್ವಿಫ್ಟಿನ ಉದ್ದವೇ ಹನ್ನೆರಡೂವರೆ, ಗೇಟಿನ ಅಗಲ 9. ಎದುರಿಗೆ ಗಾಡಿ ನಿಂತರೆ ಏನಾಗುತ್ತದೆ ಅಂತ ಲೆಕ್ಕ ನೀವೇ ಹಾಕಿ. ಏಳೆಂಟು ಸಲ ಹಿಂದೆ ಮುಂದೆ ಮಾಡಿ, ಬಂಪರ್ ಎರಡು ಸಲ ಕೆರೆಸಿಕೊಂಡು, ಬೆವತು ಹೊರಗೆ ಬರುತ್ತಿದ್ದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನನ್ನದು ಟೇಲರಿಂಗ್ ಸಾಮಾನಿನ ಅಂಗಡಿ. ಬೇಸತ್ತು ಎರಡು ತಿಂಗಳು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿಗೆ ಹೋಗಿ ನೋಡಿದೆ. ಬಸ್ಸೇನೋ ಚೆನ್ನಾಗಿದೆ. ಆದರೆ ಜಿಪ್ಪು, ಗುಂಡಿ, ದಾರದ ಪೆಟ್ಟಿಗೆ ಇದ್ದ ದಿನ ಎರಡೂ ಕಡೆ ಆಟೊ ಹಿಡಿಯಬೇಕು, ಅದು ಪೂರೈಸಲಿಲ್ಲ.

ಮೊದಲು ಹೋಗಿ ಕೇಳಿದೆ. ಕಾಕಾ ಪೇಪರಿನಿಂದ ತಲೆ ಎತ್ತದೆ, "ತಮ್ಮಾ, ನನ್ನ ಮನಿ ಮುಂದ ನನ್ನ ಗಾಡಿ ಅದ. ನಿನ್ನ ಗೇಟಿಗೇನರ ಹತ್ತೇದೇನು?" ಅಂದರು. ಹತ್ತಿರಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಆಮೇಲಿನ ಒಂದೂವರೆ ವರ್ಷ ನಾನು ಮಾಡಿದ್ದೆಲ್ಲ ದಂಡ. ನೋ ಪಾರ್ಕಿಂಗ್ ಬೋರ್ಡಿಗೆ 400 ರೂಪಾಯಿ ಕೊಟ್ಟು ಗೇಟಿಗೆ ಕಟ್ಟಿದೆ. ಖಾಸಗಿ ಬೋರ್ಡಿಗೆ ಕಿಮ್ಮತ್ತಿಲ್ಲ ಅನ್ನುವುದು ಓಣಿಯ ಹುಡುಗರಿಗೂ ಗೊತ್ತಿತ್ತು. ರಸ್ತೆಯ ಮೇಲೆ ನಾಲ್ಕು ಸಿಮೆಂಟ್ ಹೂಕುಂಡ ಇಟ್ಟೆ, 1,200 ಆಯಿತು. ಹಾಲಿನವನ ಬೈಕು ಒಂದಕ್ಕೆ ಬಡಿದು ಎರಡು ಕ್ಯಾನು ಹಾಲು ಚೆಲ್ಲಿತು, ಅದನ್ನೂ ನಾನೇ ತುಂಬಿಕೊಟ್ಟೆ. ಸಿಸಿ ಕ್ಯಾಮೆರಾಕ್ಕೆ 3,500. ಅದರ ಮೂತಿ ಕಾಕಾರ ಬಾಗಿಲಿಗೇ ಬಿತ್ತು, ಹೊಸ ಜಗಳ ಎದ್ದಿತು, ಹದಿನೈದು ದಿನದಲ್ಲಿ ಇಳಿಸಿದೆ. ವಕೀಲರ ನೋಟಿಸಿಗೆ ಎರಡು ಸಾವಿರ. ಅದರ ಫಲ ಏನೆಂದರೆ ಎರಡೂ ಮನೆ ಹೆಣ್ಣುಮಕ್ಕಳ ನಡುವೆ ಇದ್ದ ಮಾತೂ ನಿಂತುಹೋಯಿತು. ಆ ವರ್ಷ ಸಂಕ್ರಾಂತಿಗೆ ಎಳ್ಳು-ಬೆಲ್ಲ ಸಹ ಓಣಿ ದಾಟಲಿಲ್ಲ. ಇದು ಮಾತ್ರ ನನಗೆ ಇನ್ನೂ ಚುಚ್ಚುತ್ತದೆ.

ಒಂದು ದಿನ ಪೊಲೀಸರಿಗೆ, 112ಕ್ಕೂ ಫೋನ್ ಹಚ್ಚಿದೆ. ಬಂದವರು ಸಮಾಧಾನದಿಂದ ನೋಡಿ, "ಗೇಟಿಗೆ ಅಡ್ಡ ನಿಂತಿದ್ರ ನಾವು ತಗಸ್ತಿದ್ವಿ. ಅವರು ಅವರ ಬದಿಗೆ ಹಚ್ಚ್ಯಾರ. ಕೂತು ಮಾತಾಡ್ರಿ" ಅಂದರು. ಮನೆ ಮುಂದಿನ ರಸ್ತೆ ಕಾಕಾರದೂ ಅಲ್ಲ, ನನ್ನದೂ ಅಲ್ಲ, ಸಾರ್ವಜನಿಕರದು. ಅಲ್ಲಿ ಗಾಡಿ ಹಚ್ಚುವುದು ಅವರ ಹಕ್ಕು ಹೇಗಲ್ಲವೋ, ಹೂಕುಂಡ ಇಡುವುದು ನನ್ನ ಹಕ್ಕೂ ಅಲ್ಲ. ಇದು ತಲೆಗೆ ಹೋಗಲು ನನಗೆ ಏಳು ಸಾವಿರ ರೂಪಾಯಿಯ ಮೇಲೆ ಖರ್ಚಾಯಿತು.

ಗೇಟು ಅಗಲ ಮಾಡಿ ಸರಿಸುವ ಗೇಟು ಕೂರಿಸೋಣ ಎಂದು ವೆಲ್ಡಿಂಗಿನವನನ್ನು ಕರೆದೆ. ಕಂಪೌಂಡ್ ಒಡೆದು ಕಟ್ಟುವುದೂ ಸೇರಿ 38 ಸಾವಿರ ಹೇಳಿದ. ಅವನಿಗೆ ಚಹಾ ಕುಡಿಸಿ ಕಳಿಸಿದೆ.

ಆಮೇಲೆ ಅಂಗಡಿಯ ಒಂದು ಹಳೆಯ ಖಾತೆ ಪುಸ್ತಕ ತಂದು ಬಾಗಿಲ ಹಿಂದೆ ಮೊಳೆಗೆ ಹಾಕಿದೆ. ಬೊಲೆರೊ ಯಾವ ಹೊತ್ತಿಗೆ ಬಂತು, ಮುಂದಿನ ಗಾಲಿ ಅವರ ಕಂಪೌಂಡಿನ ಎಷ್ಟನೇ ಸರಳಿಗೆ ನಿಂತಿತು, ಇಷ್ಟೇ ಬರೆಯುವುದು. ಮನೆಯವರೆಲ್ಲ ನಕ್ಕರು. ಐದು ವಾರ ಬರೆದೆ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಗಾಡಿ ಬಂದು ಪ್ರತಿ ಸಲವೂ ಹನ್ನೊಂದನೆಯ ಸರಳಿಗೇ ನಿಲ್ಲುತ್ತಿತ್ತು, ಒಂದು ಗೇಣು ಆಚೆ ಈಚೆ ಇಲ್ಲ. ಹಾಗೆ ನಿಂತದ್ದು ಮುಂದಿನ ಸರದಿಯ ತನಕ ಅಲ್ಲೇ. ಹಟಕ್ಕೆ ನಿಲ್ಲಿಸುವವರು ಇಷ್ಟು ಅಳತೆ ಇಟ್ಟುಕೊಂಡು ನಿಲ್ಲಿಸುವುದಿಲ್ಲ.

ಮುಂದಿನ ಶುಕ್ರವಾರ ಅಂಗಡಿಗೆ ಹೋಗದೆ ಕಿಡಕಿಯಲ್ಲಿ ಕೂತೆ. ಗಾಡಿ ನಿಂತಿತು. ಹಿಂದಿನ ಬಾಗಿಲು ತೆರೆದು ಕಾಕಾರ ಹೆಂಡತಿ, ನಮ್ಮ ಕಾಕು, ಇಳಿದರು. ಒಂದು ಕೈ ಬಾಗಿಲಿಗೆ, ಒಂದು ಕೈ ಮಗನ ಹೆಗಲಿಗೆ. ಕಾಲು ನೇರ ಗಟಾರದ ಮೇಲಿನ ಫರ್ಸಿಗೆ, ಅಂದರೆ ದಾಟಲು ಹಾಸಿದ ಚಪ್ಪಡಿ ಕಲ್ಲಿಗೆ. ಕಾಕುಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಅನ್ನುವುದು ಓಣಿಗೆಲ್ಲ ಗೊತ್ತಿತ್ತು. ಫರ್ಸಿ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಮನೆ ಮುಂದಿನ ಮೂರು ಫರ್ಸಿಗಳಲ್ಲಿ ಎರಡು ನೀರಿನ ಪೈಪಿಗೆ ಅಗೆದಾಗ ಒಡೆದು ಕುಸಿದಿದ್ದವು. ಗಟ್ಟಿ ಉಳಿದದ್ದು ಒಂದೇ, ಅದು ನನ್ನ ಗೇಟಿಗೆ ಸರಿಯಾಗಿ ಎದುರು. ಗಾಡಿ ನಿಲ್ಲುವ ಜಾಗವನ್ನು ಆ ಕಲ್ಲು ಗೊತ್ತು ಮಾಡಿತ್ತು, ಕಾಕಾ ಅಲ್ಲ.

ಮಾತು ಬಿಟ್ಟ ಮನೆಗೆ ಹೋಗಿ ಮೊದಲ ಮಾತು ಹೇಗೆ ತೆಗೆದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನಗೆ ಇನ್ನೊಂದು ಕಡೆ ಬೇಕಾಗುವುದಿದೆ. ನೋಟಿಸಿನ ಸುದ್ದಿ ಮೊದಲು ತೆಗೆಯಬೇಡಿ, ಅಷ್ಟು ಹೇಳಬಲ್ಲೆ. "ಕಾಕಾ, ಆ ನಡುವಿನ ಫರ್ಸಿ ನಾ ಹಾಕಸ್ತೀನ್ರಿ, ಕಾಕುಗೆ ಮೆಟ್ಟಲಾ ಹತ್ರ ಆಗ್ತದ" ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ರೊಕ್ಕ ನಾ ಕೊಡ್ತೀನಿ" ಅಂದರು. ನಾನು ತಗೊಳ್ಳಲಿಲ್ಲ.

ಮೊದಲು ಜಿಪುಣತನ ಮಾಡಿ ತೆಳ್ಳಗಿನ ಶಹಾಬಾದ್ ಫರ್ಸಿ ತಂದೆ, 400 ರೂಪಾಯಿಗೆ. ಎಂಟೇ ದಿನಕ್ಕೆ ಯಾರೋ ಅದರ ಮೇಲೆ ಸ್ಕೂಟರ್ ಹತ್ತಿಸಿ ಎರಡು ತುಂಡಾಯಿತು. ಕಾಕು ಕಾಲಿಟ್ಟಾಗ ಒಡೆಯದೆ ಇದ್ದದ್ದು ದೇವರ ದಯೆ. ನೆಲಕ್ಕೆ ಹಾಸುವ ಕಲ್ಲು ಗಟಾರದ ಮೇಲೆ ಬಾಳುವುದಿಲ್ಲ. ಆಮೇಲೆ ಮೂರು ಇಂಚು ದಪ್ಪದ ಕರಿಕಲ್ಲು, ಮೂರು ಫೂಟಿಗೆ ಎರಡು ಫೂಟಿನದು, 1,600. ಹಮಾಲಿ 600. ನಾಲ್ಕು ಮಂದಿ ಹಾರೆ ಹಾಕಿ ಕೂರಿಸಿದರು. ಮೇಲ್ಮೈಗೆ ಉಳಿಯಿಂದ ಕಚ್ಚು ಹಾಕಿಸಿದೆ, ಇಲ್ಲದಿದ್ದರೆ ನಮ್ಮ ಧಾರವಾಡದ ಜಿಟಿಜಿಟಿ ಮಳೆಗೆ ಜಾರುತ್ತದೆ. ಗೋಡೆಗೆ ಹಿಡಿದುಕೊಳ್ಳಲು ಒಂದು ಪೈಪು, 900. ಎಲ್ಲ ಕೂಡಿ ಮೂರೂವರೆ ಸಾವಿರ. 38 ಸಾವಿರದ ಕೆಲಸ ಇದು!

ಮುಂದಿನ ಮಂಗಳವಾರ ಯಾರೂ ಹೇಳದೆ ಬೊಲೆರೊ ಹದಿನೈದನೆಯ ಸರಳಿನ ಹತ್ತಿರ ನಿಂತಿತು. ಟೇಪು ಹಿಡಿದೆ, ನಾಲ್ಕು ಫೂಟಿಗೆ ಎರಡು ಬೆರಳು ಕಡಿಮೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ರಸ್ತೆಯಲ್ಲಿ ಗಾಲಿಯ ಗುರುತಿಗೆ ರಂಗೋಲಿ ಪುಡಿಯಿಂದ ಗೆರೆ ಹಾಕಿಸಿದೆ. ಮೂರು ದಿನ ಎಲ್ಲರೂ ತಪ್ಪಿಸಿ ಓಡಾಡಿದರು, ನಾಲ್ಕನೆಯ ದಿನ ಬೈಕುಗಳು ಉಜ್ಜಿ ಹಾಕಿದವು. ಉಪಯೋಗಕ್ಕೆ ಬಂದದ್ದು ಇನ್ನೊಂದು. ಸಂಜೆ ಕಾರನ್ನು ರಿವರ್ಸಿನಲ್ಲಿ ಒಳಗೆ ಹಾಕುವುದು. ಇಕ್ಕಟ್ಟಿನಲ್ಲಿ ಮೂತಿ ಮುಂದಾಗಿ ಒಳಗೆ ಹೋದ ಗಾಡಿ ತೆಗೆಯಲು ಜಾಗ ಹೆಚ್ಚು ಬೇಕು, ತಿರುಗುವ ಗಾಲಿ ಮುಂದಿರುತ್ತವಲ್ಲ. ಇದೊಂದರಿಂದಲೇ ಏಳೆಂಟು ಸಲದ್ದು ಮೂರಕ್ಕೆ ಇಳಿದಿತ್ತು. ಫರ್ಸಿ ಬಿದ್ದ ಮೇಲೆ ಒಂದಕ್ಕೆ ಬಂತು. ಕಾರಿನವರು ಇದನ್ನು ಇವತ್ತೇ ಮಾಡಿ ನೋಡಿ, ಖರ್ಚಿಲ್ಲ.

ಫರ್ಸಿಯನ್ನು ಸಿಮೆಂಟಿನಿಂದ ಮುಚ್ಚಿಲ್ಲ, ಬೇಕೆಂದೇ. ಮಳೆಗಾಲಕ್ಕೆ ಮೊದಲು ಎತ್ತಿ ಗಟಾರ ಬಳಿಸಬೇಕಾಗುತ್ತದೆ. ಈ ಜೂನ್‌ನಲ್ಲಿ ಒಂದು ಹಾರೆ ಕಾಕಾರ ಮಗ ಹಿಡಿದ, ಒಂದು ನಾನು ಹಿಡಿದೆ. ಕಾಕು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, "ಸಾವಕಾಶ, ಬೆರಳು ನೋಡ್ಕೋರಿ" ಅನ್ನುತ್ತಿದ್ದರು.